ರಾಟೆಗೆ ಕಟ್ಟಿದ ಕೆಂಪು ಬಟ್ಟೆ

ತೊಂಬತ್ಮೂರರ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಬೀದಿಗೊಬ್ಬರನ್ನು ನೀವೇ ಆರಿಸಿಕೊಳ್ಳಿ ಎಂದರು ಪುರಸಭೆಯವರು. ನಮ್ಮ ಬೀದಿ ನನ್ನನ್ನು ಆರಿಸಿತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ನಲ್ಲಿ ಬೇಕು ಎಂದು ಪುರಸಭೆಯ ಬಾಗಿಲಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವನೂ ನಾನೇ.

ಪುರಸಭೆಯ ಮರಿಸ್ವಾಮಿ ಹೇಳಿಕೊಟ್ಟ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿನೀರನ್ನು ಬಾವಿಗೆ ಸುರಿದು, ರಾಟೆಗೆ ಕೆಂಪು ಬಟ್ಟೆ ಕಟ್ಟಬೇಕು. ಅರ್ಧ ಗಂಟೆಯ ಮೇಲೆ ಬಿಚ್ಚಬೇಕು. ಅಲ್ಲಿಯವರೆಗೆ ಯಾರೂ ಕೊಡ ಇಳಿಸುವಂತಿಲ್ಲ.

ಮೊದಲ ದಿನ ಬಟ್ಟೆ ಬಿಚ್ಚಿದ ಮೇಲೂ ನೀರು ಮುಟ್ಟಲು ಜನ ಹೆದರಿದರು. ಪುಡಿ ನೀರು ಕುಡಿದರೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಪಕ್ಕದ ಮನೆಯ ಇಮಾಮ್ ಬೀ ಅಜ್ಜಿ ಮುಂದೆ ಬಂದಳು.

"ನಂಗೆ ಏಳಾಗವೆ. ಇನ್ನಾಗ್ದಿದ್ರೆ ಅಲ್ಲಾ ಕೋಪ ಮಾಡ್ಕಂತಾನಾ?" ಎಂದು ಗಟಗಟ ಕುಡಿದಳು. ಜನ ನಕ್ಕು ಸಾಲು ನಿಂತರು. "ಬೇಟಾ, ಇನ್ಮೇಲೆ ದಿನಾ ನಿನ್ ಕೆಂಪು ಬಟ್ಟೆ ಬಿಚ್ಚೋಗಂಟ ನಾನು ಹನಿ ಮುಟ್ಟಾಕಿಲ್ಲ" ಎಂದಳು.

ಹನ್ನೆರಡು ದಿನ ನಮ್ಮ ಬೀದಿಯಲ್ಲಿ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ.

ಹದಿಮೂರನೇ ದಿನ ಪುಡಿ ತರಲು ಹೋದಾಗ ನಲ್ಲಿಯ ಮಾತೆತ್ತಿದೆ.

"ಮುಂದಿನ್ ವರ್ಸ ನೋಡವ ಕಣ್ಲಾ ನಿಂಗರಾಜು" ಎಂದ ಮರಿಸ್ವಾಮಿ.

"ಅಲ್ಲೀಗಂಟ ನಿಮ್ ಪುಡಿ ತಿನ್ಕಂಡು ಬದುಕ್ಬೇಕೇನ್ಲಾ?"

ಅವನು ಕೊಟ್ಟ ಪುಡಿಯ ಪೊಟ್ಟಣವನ್ನು ಸಿಟ್ಟಿನಲ್ಲಿ ದಾರಿಯ ಚರಂಡಿಗೆ ಎಸೆದೆ. ಬೀದಿಗೆ ಬಂದರೆ ಹೆಂಗಸರು ಕೊಡ ಹಿಡಿದು ಕಾಯುತ್ತಿದ್ದಾರೆ. ಏನು ಹೇಳಲಿ? ಬರೀ ನೀರನ್ನೇ ಬಕೆಟ್ಟಿನಿಂದ ಸುರಿದೆ. ಬಟ್ಟೆ ಕಟ್ಟಿದೆ. ಅರ್ಧ ಗಂಟೆ ಬಿಟ್ಟು ಬಿಚ್ಚಿದೆ.

ಇಮಾಮ್ ಬೀ ಮೊದಲ ಕೊಡ ಸೇದಿ ಬೊಗಸೆಯಲ್ಲಿ ಕುಡಿದಳು. "ಇವತ್ತು ವಾಸ್ನೇನೇ ಇಲ್ವಲ್ಲ ಬೇಟಾ?"

"ಹೊಸಾ ಪುಡಿ ಕಣಜ್ಜಿ" ಎಂದೆ.

ಎರಡೇ ದಿನಕ್ಕೆ ಅಜ್ಜಿಗೆ ವಾಂತಿಭೇದಿ ಶುರುವಾಯಿತು. ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ನಾನೇ ಎಲ್ಲೋ ಬೇರೆ ನೀರು ಕುಡ್ದಿರ್ಬೇಕು. ಬಾವಿ ಬುಟ್ಟು ಹೋಗ್ಬೇಡಿ ಅನ್ನು ಜನಕ್ಕೆ" ಎಂದಳು. ಸಂಜೆಗೆ ಹೋಗಿಬಿಟ್ಟಳು.

ಮಣ್ಣು ಮಾಡಿದ ಮಾರನೇ ದಿನ ಮರಿಸ್ವಾಮಿ ಬಾವಿಕಟ್ಟೆಗೆ ಬಂದ. ಬೀದಿಯೆಲ್ಲ ಸೇರಿತ್ತು.

"ದಿನಾ ಪುಡಿ ಹಾಕಿದ್ಯೇನ್ಲಾ?"

ಒಪ್ಪಿಕೊಳ್ಳಬೇಕಿತ್ತು. "ನಿಮ್ ಪುಡೀನೇ ಸರಿಯಿಲ್ಲ ಕಣ್ಲಾ! ಸಾಯ್ಸೋಕೆ ಕೊಟ್ಟಿದ್ರಾ?" ಎಂದು ಅರಚಿದೆ. ಬೀದಿಯೂ ನನ್ನ ಜೊತೆ ಅರಚಿತು. ಮರಿಸ್ವಾಮಿ ತಲೆ ತಗ್ಗಿಸಿ ಹೋದ.

ಮರುದಿನ ಪುರಸಭೆಯಿಂದ ಹೊಸ ಪೊಟ್ಟಣ ತಂದು ನಿಜವಾಗಿ ಪುಡಿ ಹಾಕಿ, ಬಟ್ಟೆ ಕಟ್ಟಿ, ಬಿಚ್ಚಿದೆ. ಒಂದು ಕೊಡವೂ ಬರಲಿಲ್ಲ. ಹೆಂಗಸರೆಲ್ಲ ಕಿರಂಗೂರು ಕಡೆಯ ನಾಲೆಗೆ ಸಾಲಾಗಿ ಹೊರಟಿದ್ದರು, ಎಮ್ಮೆ ಮೈ ತೊಳೆಯುವ ನೀರಿಗೆ. ಒಮ್ಮೆ ಕೂಗಿ ನಿಜ ಹೇಳಿದ್ದರೆ ತಿರುಗಿ ಬರುತ್ತಿದ್ದರೇನೋ. ಪುರಸಭೆಯ ಬಾಗಿಲು ನಡುಗುವಂತೆ ಕೂಗುತ್ತಿದ್ದ ಬಾಯಿ ಅವತ್ತು ತೆರೆಯಲಿಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು, ಕೊನೆಯ ಕೊಡ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.