ಚುಕ್ಕೆ ಬಿದ್ದ ಮಾಲು

“ಕೆಮ್ಮಬೇಡ್ವೋ ಬೋಳಿಮಗನೆ! ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಕೊಂಡು ಸಾಯಿ. ಅದು ಹೊರದೇಶಕ್ಕೆ ಹೋಗೋ ಕಲ್ಲು. ಅಲ್ಲಿ ನಿನ್ನ ಉಗುಳು ಒರೆಸೋಕೆ ನಿಮ್ಮಪ್ಪ ಕೂತಿದಾನಾ?”

ಮ್ಯಾನೇಜರ್ ಏಳನೇ ಮಿಷನ್ನಿನ ಪಕ್ಕ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈಯುತ್ತಿದ್ದ. ಏಳನೇ ಮಿಷನ್ನಿನವನು ಮೊಣಕಾಲೂರಿ ಕಲ್ಲಿನ ಮೇಲೆ ಬಗ್ಗಿದ್ದ. ಕೈಯಲ್ಲಿ ಅಚ್ಚಿನ ಗೆರೆ ಹಿಡಿದು ಅಕ್ಷರ ಕೊರೆಯುವ ಕೈಮಿಷನ್ನು ಇನ್ನೂ ಗಿರ್ರೆಂದು ತಿರುಗುತ್ತಿತ್ತು. ಕೆಮ್ಮು ತಡೆಯಲು ಹೋಗಿ ಕಣ್ಣೆರಡೂ ಕೆಂಡವಾಗಿದ್ದವು. ರೆಪ್ಪೆ, ಹುಬ್ಬು, ಮೀಸೆಗೆಲ್ಲ ಬಿಳಿ ಪುಡಿ ಮೆತ್ತಿ, ಮೂವತ್ತನಾಲ್ಕರ ಗಂಡಸು ಎಪ್ಪತ್ತರ ಮುದುಕನ ಹಾಗೆ ಕಾಣುತ್ತಿದ್ದ.

“ತಪ್ಪಾಯ್ತು ಸಾರ್.”

“ತಪ್ಪಾಯ್ತಂತೆ ತಪ್ಪು! ನಾಳೆ ಖರೀದಿಯೋರು ಬರ್ತಾರೆ. ಅವರ ಮುಂದೆ ಹೀಗೇ ಬೊಗಳ್ತಾ ಕೂತ್ಕೋತೀಯಾ?” ಅಂದವನು ಇದ್ದಕ್ಕಿದ್ದಂತೆ ದನಿ ಇಳಿಸಿದ. “ಸಂಜೆ ಆಫೀಸಿಗೆ ಬಾಪ್ಪ. ಸ್ವಲ್ಪ ಮಾತಾಡೋದಿದೆ.”

ಮೂರು ಕಲ್ಲಿನಾಚೆ ಕೂತಿದ್ದ ಅಕ್ಕನಿಗೆ ಅನುಮಾನ ಬಲವಾದದ್ದು ಬೈಗುಳಕ್ಕಲ್ಲ, ಆ ‘ಬಾಪ್ಪ’ಗೆ. ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಯಾರಿಗೂ ಒಂದು ‘ಬಾಪ್ಪ’ ಬಿದ್ದದ್ದನ್ನು ಅವಳು ಕೇಳಿರಲಿಲ್ಲ.

ಶೆಡ್ಡಿನ ಮೂವತ್ತೆಂಟು ಮಂದಿಗೂ ಅವಳು ಅಕ್ಕ. ಏಳನೇ ಮಿಷನ್ನಿನವನಿಗೆ ಮಾತ್ರ ಒಡಹುಟ್ಟಿದ ಅಕ್ಕ. ಅವಳ ಕೆಲಸ ಕಲ್ಲು ನೋಡುವುದು. ಒದ್ದೆ ಬಟ್ಟೆಯಿಂದ ಕಲ್ಲನ್ನು ಒಂದು ಸಲ ಒರೆಸಿ ಸುಮ್ಮನೆ ಕಾಯಬೇಕು. ಸರಿಯಾದ ಕಲ್ಲು ಎಲ್ಲ ಕಡೆ ಸಮನಾಗಿ ಒಣಗುತ್ತದೆ. ಒಳಗೆ ಬಿರುಕಿದ್ದರೆ ಆ ಗೆರೆಯೊಂದು ಒಣಗದೆ ಕಪ್ಪಗೆ ಉಳಿದು ತಾನೇ ಚಾಡಿ ಹೇಳುತ್ತದೆ. ಆಮೇಲೆ ಕಲ್ಲನ್ನು ಬೆಳಕಿಗೆ ಓರೆ ಮಾಡಿ ಬಿಳಿಚುಕ್ಕೆ ಹುಡುಕಬೇಕು. ಕರಿಕಲ್ಲಿಗೆ ಬಿಳಿಚುಕ್ಕೆ ಬಿದ್ದರೆ ಮುಗಿಯಿತು. ಎರಡು ಮೂರಿದ್ದರೆ ಸೆಕೆಂಡ್ಸು, ನುಚ್ಚು ಚೆಲ್ಲಿದ ಹಾಗಿದ್ದರೆ ರಿಜೆಕ್ಟು. ಅಕ್ಕ ಬೇಡ ಅಂದ ಕಲ್ಲನ್ನು ಧಣಿಯೂ ಹಡಗು ಹತ್ತಿಸುತ್ತಿರಲಿಲ್ಲ. ಅಷ್ಟು ಕಣ್ಣಿದ್ದೂ ಅವಳಿಗೆ ಓದು ಬರದು. ಅಳತೆಯ ಅಂಕಿ ಮಾತ್ರ ಗೊತ್ತು.

ಅದು ಗೋರಿಕಲ್ಲಿನ ಕಾರ್ಖಾನೆ. ಜಿಲ್ಲೆಯಿಂದ ಹೊರದೇಶಕ್ಕೆ ಹೋಗುವ ಮಾಲಿನಲ್ಲಿ ಕಲ್ಲಿಗೆ ಮೂರನೇ ಜಾಗ ಬಂದಿದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಅದಕ್ಕೆ ಸರಕಾರದವರು ಧಣಿಗೊಂದು ಹಿತ್ತಾಳೆ ಫಲಕವನ್ನೂ ಕೊಟ್ಟಿದ್ದರು. ಆಫೀಸಿನ ಗೋಡೆಯ ಮೇಲೊಂದು ಭೂಪಟ. ಅದರಲ್ಲಿ ಈ ಊರಿಂದ ಸಮುದ್ರ ದಾಟಿ ಹನ್ನೊಂದು ದೇಶಕ್ಕೆ ಕೆಂಪು ದಾರ ಎಳೆದಿದ್ದರು. ಆ ದೇಶಗಳ ಹೆಸರು ಕೆಲಸದವರ ನಾಲಗೆಗೆ ಹತ್ತುತ್ತಿರಲಿಲ್ಲ. ಅವರು ಕಲ್ಲು ನೋಡಿ ಹೆಸರಿಟ್ಟಿದ್ದರು. ಹೃದಯದ ಆಕಾರದ ಕಲ್ಲು ತರಿಸಿಕೊಳ್ಳುವವರದು ಎದೆದೇಶ. ನೆಟ್ಟಗೆ ನಿಲ್ಲುವ ಸಣ್ಣ ಕಂಬ ಕೇಳುವವರದು ಕಂಬದ ದೇಶ. ಆಳುದ್ದದ ಹಲಗೆ ಬೇಕೆನ್ನುವವರದು ಮಂಚದ ದೇಶ.

“ಈ ಸಲ ಚಳಿಗೆ ಎದೆದೇಶದೋರು ಜಾಸ್ತಿ ಹೋಗಿದಾರೆ ಕಣ್ರಪ್ಪ, ಆರ್ಡರ್ ನೋಡ್ರಿ,” ಅನ್ನುತ್ತಿದ್ದ ನಾಲ್ಕನೇ ಮಿಷನ್ನಿನ ಮುದುಕ.

“ಕಂಬದ ದೇಶದ್ದು ಯಾಕಜ್ಜ ಕಮ್ಮಿ?”

“ಯಾವನೋ ಒಳ್ಳೇ ಡಾಕ್ಟ್ರು ಬಂದಿರ್ಬೇಕು. ಸೂಳೇಮಗ, ನಮ್ಮ ಹೊಟ್ಟೆ ಮೇಲೆ ಹೊಡೀತಿದಾನೆ.”

ಎಲ್ಲರೂ ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು. ಆದ್ದರಿಂದ ಸ್ವಲ್ಪವೇ ನಗುತ್ತಿದ್ದರು.

ಅಕ್ಕನಿಗೆ ಅನುಮಾನ ಶುರುವಾಗಿ ತಿಂಗಳಾಗಿತ್ತು. ಒಂದು ದಿನ ಗೇಟಿನೊಳಗೆ ಬಿಳಿ ವ್ಯಾನು ಬಂತು. ಎಲ್ಲರಿಗೂ ಒಂದೊಂದು ಲೋಟ ಹಾಲು ಕೊಟ್ಟರು. ಅಂಗಿ ಬಿಚ್ಚಿಸಿ, ತಣ್ಣನೆಯ ತಗಡಿಗೆ ಎದೆ ಒತ್ತಿ ನಿಲ್ಲಿಸಿ ಎಕ್ಸ್‌ರೇ ತೆಗೆದರು. ಹೆಂಗಸರಿಗೆ ಒಂದು ಪರದೆ ಕಟ್ಟಿದ್ದರು. ನೋವಾಗುವುದಿಲ್ಲ ಅಂತ ತೋರಿಸಲು ಮ್ಯಾನೇಜರನೂ ನಿಂತ. ವಾರ ಬಿಟ್ಟು “ಎಲ್ಲಾರೂ ನಾರ್ಮಲ್ಲು” ಅಂತ ಮೈಕಿನಲ್ಲಿ ಕೂಗಿಸಿದರು. ನಮ್ಮ ಚಿತ್ರ ನಮಗೆ ಕೊಡಿ ಅಂತ ಅಕ್ಕ ಕೇಳಿದ್ದಕ್ಕೆ, “ಯಾಕೆ, ಗೋಡೆಗೆ ನೇತಾಕ್ಕೋತೀಯಾ? ನಿನ್ನ ಎದೆ ನೋಡೋಕೆ ಯಾವನಿದಾನೆ ಮನೇಲಿ?” ಅಂದಿದ್ದ ಮ್ಯಾನೇಜರ್. ಗಂಡಸರು ತಲೆ ತಗ್ಗಿಸಿದ್ದರು. ಅವಳು ಹಾಲಿನ ಬಗ್ಗೆಯೇ ಯೋಚಿಸುತ್ತಿದ್ದಳು. ಕುಡಿಯುವ ನೀರಿಗೂ ಬೈಯುವ ಜನ ಹಾಲು ಯಾಕೆ ಕೊಟ್ಟರು?

ಸಂಜೆ ತಮ್ಮ ಮನೆಗೆ ಬಂದಾಗ ಮುಖ ಹಗುರವಾಗಿತ್ತು. ಒಂದೇ ಕೋಣೆಯ ಮನೆ. ಅಕ್ಕ ಒಲೆಯ ಮುಂದೆ ಕೂತೇ ಕೇಳಿದಳು, “ಏನಂದ?”

“ಎರಡು ತಿಂಗಳು ರೆಸ್ಟ್ ತಗೊಂಡು ಬಾ ಅಂದ್ರು. ಒಳ್ಳೇ ಮಾತಲ್ಲೇ ಹೇಳಿದ್ರು ಅಕ್ಕಾ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು, ಅಷ್ಟೆ.”

“ಕಾಗದದಲ್ಲೇನಿದೆ?”

“ನಾನು ಆರೋಗ್ಯವಾಗಿದೀನಿ, ನನ್ನ ಇಷ್ಟದಿಂದ ಕೆಲಸ ಬಿಡ್ತಿದೀನಿ ಅಂತ ಓದಿ ಹೇಳಿದ್ರು.”

“ಆರೋಗ್ಯವಾಗಿರೋನಿಗೆ ರೆಸ್ಟ್ ಯಾಕೋ?”

ತಮ್ಮ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ. “ನಿಂಗೆ ಎಲ್ಲದ್ರಲ್ಲೂ ಬಿರುಕೇ ಕಾಣೋದು. ಕಲ್ಲು ನೋಡಿ ನೋಡಿ ತಲೆ ಕೆಟ್ಟಿದೆ.”

“ನಿಮ್ಮ ಭಾವನ ಕೈಲೂ ಹೀಗೇ ಒತ್ತಿಸ್ಕೊಂಡ್ರು. ಎರಡು ತಿಂಗಳು ರೆಸ್ಟ್ ಅಂತಾನೇ ಅಂದಿದ್ರು. ಎಂಟನೇ ವಾರಕ್ಕೆ ಎಲ್ಲಿಗೆ ಹೋದ?”

“ಭಾವಂಗೆ ಬೀಡಿ ಚಟ ಇತ್ತು ಅಂತ ಡಾಕ್ಟ್ರು...”

“ನನ್ನ ಗಂಡನ ಬಾಯಲ್ಲಿ ಬೀಡಿ ಇತ್ತೋ ಇಲ್ವೋ ಅಂತ ಡಾಕ್ಟ್ರು ಹೇಳ್ಬೇಕಾ ನಂಗೆ?” ಕೈಲಿದ್ದ ಸೌಟನ್ನು ಅವಳು ನೆಲಕ್ಕೆ ಕುಟ್ಟಿದಳು. “ಆಸ್ಪತ್ರೆಗೆ ಸೇರಿಸಿ ಅಂತ ಕಾಲು ಹಿಡಿಯೋಕೆ ಹೋದ್ರೆ ಈ ಮ್ಯಾನೇಜರ್ರೇ ಆ ಕಾಗದ ತೆಗೆದು ಮುಖಕ್ಕೆ ಹಿಡಿದ. ಹೋಗುವಾಗ ಗುಂಡುಕಲ್ಲಿನ ಹಾಗಿದ್ದ, ಅವನೇ ಬರೆದುಕೊಟ್ಟಿದಾನೆ ನೋಡು ಅಂದ. ಹೆಬ್ಬೆಟ್ಟು ಒತ್ತಿದ ದಿನದಿಂದ ನೀನು ಅವರ ಲೆಕ್ಕಕ್ಕಿಲ್ಲ ಕಣೋ. ಒಂದು ಮಾತ್ರೆನೂ ಹುಟ್ಟಲ್ಲ.”

“ನಾಳೆ ಹತ್ತು ಗಂಟೆಗೆ, ಖರೀದಿಯೋರು ಬರೋದ್ರೊಳಗೆ ಒತ್ತಿ ಗೇಟು ದಾಟ್ತೀನಿ ಅಂತ ಮಾತು ಕೊಟ್ಟಾಗಿದೆ.”

ಅಕ್ಕ ಸೌಟು ತೊಳೆದು ಅಡುಗೆ ಮುಗಿಸಿದಳು. ಬಡಿಸುವಾಗ, “ನಾನು ಹೇಳೋವರೆಗೂ ಒತ್ತಬೇಡ,” ಅಂದಳು. ಹೇಳಲು ತನ್ನ ಹತ್ತಿರ ಏನಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಶೆಡ್ಡೇ ಬದಲಾಗಿತ್ತು. ಪ್ರತಿ ಕೈಮಿಷನ್ನಿಗೂ ನೀಲಿ ಪೈಪು ಸಿಕ್ಕಿಸಿದ್ದರು. ನೀರು ಬಿದ್ದರೆ ಪುಡಿ ಏಳುವುದಿಲ್ಲ. ಅದು ಇವರಿಗೆ ಗೊತ್ತಿದ್ದದ್ದೇ. ಆದರೆ ನೀರು ಹಾಕಿದರೆ ಕೆಲಸ ನಿಧಾನ ಅಂತ ಇಷ್ಟು ವರ್ಷ ಒಣ ಕಲ್ಲನ್ನೇ ಕೊರೆಸಿದ್ದರು. ಮೂಗಿಗೆ ಕಟ್ಟುವ ಹೊಸ ಮಾಸ್ಕು ಹಂಚಿದರು. ಹಂಚುವವನು ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾ, “ಮಧ್ಯಾಹ್ನ ವಾಪಸ್ ಕೊಡಬೇಕು, ಯಾರೂ ಕೊಳೆ ಮಾಡಬೇಡಿ,” ಅಂದ.

“ಮೂಗು ನಮ್ದೇ ಇಟ್ಕೋಬೋದಾ, ಅದೂ ವಾಪಸ್ಸಾ?” ಅಂದ ನಾಲ್ಕನೇ ಮಿಷನ್ನಿನ ಮುದುಕ.

ಒಂಬತ್ತಕ್ಕೆ ಮ್ಯಾನೇಜರ್ ಅಕ್ಕನನ್ನು ಶೋರೂಮಿಗೆ ಕರೆದ. ಅದು ಆಫೀಸಿಗೆ ಅಂಟಿದ ದೊಡ್ಡ ಕೋಣೆ. ಶೆಡ್ಡಿನ ಕಡೆಯ ಗೋಡೆಯೆಲ್ಲ ಗಾಜು. ಖರೀದಿಯವರು ತಂಪಾಗಿ ಕೂತು, ಕಾಫಿ ಕುಡಿಯುತ್ತಾ ಕೆಲಸ ನೋಡಲಿ ಅಂತ ಧಣಿ ಕಟ್ಟಿಸಿದ್ದ.

“ಗಾಜು ಒರೆಸು. ಆಮೇಲೆ ಆ ಬೀರು ಕೆಳಗಿರೋ ಕವರುಗಳನ್ನೆಲ್ಲ ಒಯ್ದು ಹಿಂದಿನ ಗೋಡೌನಲ್ಲಿ ಗೋಣಿ ಕೆಳಗೆ ಹಾಕು. ಈ ನನ್ನಮಕ್ಕಳು ಬಂದ್ರೆ ಅದು ತೋರಿಸಿ ಇದು ತೋರಿಸಿ ಅಂತಾರೆ.” ಹೊರಟವನು ತಿರುಗಿ ನಿಂತ. “ನಿಂಗೆ ಓದೋಕೆ ಬರಲ್ಲ ಅಲ್ವೇನೆ?”

“ಇಲ್ಲ ಸಾರ್.”

“ಅದೇ ಒಳ್ಳೇದು. ಬೇಗ ಮುಗಿಸು.” ಟೈ ಸರಿಮಾಡಿಕೊಂಡು ಗೇಟಿನ ಕಡೆ ಓಡಿದ.

ಕಂದು ಬಣ್ಣದ ದೊಡ್ಡ ಕವರುಗಳು. ಮೇಲೆ ಮಿಷನ್ನಿನ ನಂಬರು. ಅಕ್ಕ ಎತ್ತಿದಾಗ ಒಳಗಿನದು ತಗಡಿನ ಹಾಗೆ ಥಳಥಳ ಸದ್ದು ಮಾಡಿತು. ಒಂದು ಕವರಿಗೆ ನಂಬರಿರಲಿಲ್ಲ. ಅದನ್ನೇ ಮೊದಲು ಎಳೆದು ಗಾಜಿಗೆ ಹಿಡಿದಳು.

ಹೆಗಲ ಮೂಳೆಗೆ ಒಂದು ಪಟ್ಟಿ, ಆರು ಸ್ಕ್ರೂ. ಬೈಕಿನಿಂದ ಬಿದ್ದು ಹಾಕಿಸಿಕೊಂಡದ್ದನ್ನು ಮ್ಯಾನೇಜರ್ ಅಂಗಿ ಸರಿಸಿ ಎಲ್ಲರಿಗೂ ತೋರಿಸಿದ್ದ. ಪಕ್ಕೆಲುಬಿನ ಸಂದಿನಲ್ಲಿ ಕಪ್ಪು ಅಂದರೆ ಕಪ್ಪು. ಒಂದು ಕಲೆ ಇಲ್ಲ. ಎದೆದೇಶದವರು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುವಂಥ ಮಾಲು.

ಆಮೇಲೆ ನಾಲ್ಕನೆಯದನ್ನು ಹಿಡಿದಳು. ಒಂಬತ್ತನೆಯದು. ಇಪ್ಪತ್ತೆರಡನೆಯದು. ಅವಳಿಗೆ ಯಾವ ಅಕ್ಷರವೂ ಬೇಕಾಗಲಿಲ್ಲ. ಒಂದರಲ್ಲಿ ಮೇಲುಭಾಗದಲ್ಲಿ ನಾಲ್ಕಾರು ಚುಕ್ಕೆ, ಸೆಕೆಂಡ್ಸು. ಒಂದರಲ್ಲಿ ಎರಡೂ ಕಡೆ ನುಚ್ಚು. ಇನ್ನೊಂದರಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿ ಹೆಪ್ಪುಗಟ್ಟಿದ್ದವು. ಮೂವತ್ತೆಂಟರಲ್ಲಿ ಪಾಸಾದವು ಆರು. ಅವೂ ಹೋದ ವರ್ಷ ಸೇರಿದವರ ಮಿಷನ್ನಿನವು. ಮಿಷನ್ನಿಲ್ಲದ ಅವಳದ್ದನ್ನು ಇಟ್ಟುಕೊಂಡೇ ಇರಲಿಲ್ಲ.

ಏಳನೆಯದನ್ನು ಕೊನೆಗಿಟ್ಟಿದ್ದಳು. ಗಾಜಿಗೆ ಹಿಡಿದು, ರೂಢಿಯಂತೆ ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. ಹೋಗಲಿಲ್ಲ.

ತಮ್ಮ ಆಫೀಸಿನ ಹೊರಗೆ ಬೆಂಚಿನ ಮೇಲೆ ಹೆಬ್ಬೆಟ್ಟಿಗೆ ಕಾದು ಕೂತಿದ್ದ. “ಬಾರೋ ಇಲ್ಲಿ,” ಅಂತ ಒಳಗೆ ಎಳೆದುಕೊಂಡಳು.

“ಇದು ಎಂಥಾ ಮಾಲು ಹೇಳು.”

ಅವನಿಗೂ ಕಲ್ಲು ಗೊತ್ತು. ಒಂದು ಗಳಿಗೆ ನೋಡಿದ. “ರಿಜೆಕ್ಟು. ಯಾವ ಕ್ವಾರೀದು ಅಕ್ಕಾ ಇದು?” ಅಂದವನ ಕಣ್ಣು ಪಕ್ಕೆಲುಬಿಗೆ ಹೋಯಿತು, ಆಮೇಲೆ ನಂಬರಿಗೆ. ಅಂಗಿಯ ಮೇಲೆ ಕೈಯಿಟ್ಟುಕೊಂಡ.

“ಸುಮ್ನೆ ನಿಲ್ಬೇಡ. ಆ ಟೇಪು ತಗೊಂಬಾ.”

“ಯಾವ ಟೇಪು?”

“ಪೆಟ್ಟಿಗೆ ಸುತ್ತೋದು ಕಣೋ, ಮೂದೇವಿ.”

ಅವನು ಹಲ್ಲಿನಿಂದ ಹರಿದು ಹರಿದು ಕೊಟ್ಟ. ಅವಳು ಅಂಟಿಸಿದಳು. ಕವರಿನ ನಂಬರು ಹರಿದು, ಶೆಡ್ಡಿನವರಿಗೂ ಕಾಣುವ ಹಾಗೆ ಕಲ್ಲಿಗೆ ಗುರುತು ಹಾಕುವ ಕಡ್ಡಿಯಿಂದ ಅದೇ ಅಂಕಿಯನ್ನು ಹಿಂಬದಿಗೂ ಬರೆದು ಚಿತ್ರದ ಮೂಲೆಗೆ ಅಂಟಿಸಿದಳು. ಗಾಜಿನ ಗೋಡೆಯ ಈ ತುದಿಯಿಂದ ಆ ತುದಿಗೆ ಮೂವತ್ತೆಂಟು ಎದೆಗಳು ಸಾಲಾಗಿ ನಿಂತವು. ನಂಬರಿಲ್ಲದ್ದನ್ನು ನಡುವೆ ಹಾಕಿದಳು. ಹೋಲಿಸಿ ನೋಡಲು ಒಂದು ಒಳ್ಳೆಯ ಮಾಲು ಇರಬೇಕಲ್ಲ.

ಬಾಗಿಲು ತೆರೆಯಿತು. ಮೊದಲು ಧಣಿ, ನಗುತ್ತಾ. ಹಿಂದೆ ಇಬ್ಬರು ಖರೀದಿಯವರು, ಒಬ್ಬ ಉದ್ದ, ಒಬ್ಬ ಗಿಡ್ಡ. ಅವರ ಮಾತನ್ನು ತಿರುಗಿಸಿ ಹೇಳುವ ಹುಡುಗಿ. ಕೊನೆಗೆ ಮ್ಯಾನೇಜರ್. ಬೆಳಕು ಹಿಂದಿನಿಂದ ಬಿದ್ದು ಚಿತ್ರಗಳು ಹೊತ್ತಿಕೊಂಡ ಹಾಗೆ ಕಾಣುತ್ತಿದ್ದವು.

ಮ್ಯಾನೇಜರ್ ತಮ್ಮನ ತೋಳಿಗೆ ಕೈಹಾಕಿ ಹಲ್ಲು ಕಚ್ಚಿದ. “ಕಿತ್ತಾಕೋ ಸೂಳೇಮಗನೆ! ಕಾಗದಕ್ಕೆ ಒತ್ತಿದ್ಯಾ?”

“ಇಲ್ಲ,” ಅಂದ ತಮ್ಮ. ಕೈ ಕೊಡವಿಕೊಂಡು, ಏಳನೇ ಚಿತ್ರಕ್ಕೆ ಯಾರೂ ಕೈಹಾಕದ ಹಾಗೆ ಅದರ ಪಕ್ಕ ಹೋಗಿ ನಿಂತ.

ಉದ್ದನೆಯವನು ಏನೋ ಕೇಳಿದ. ಹುಡುಗಿ, “ಇವು ಯಾರದು ಅಂತ ಕೇಳ್ತಿದಾರೆ,” ಅಂದಳು.

“ಆಸ್ಪತ್ರೇದು ಮೇಡಂ,” ಅಂದ ಧಣಿ, ನಗು ಇನ್ನೂ ಮುಖದಲ್ಲೇ ಇತ್ತು. “ನಾವು ಆಸ್ಪತ್ರೆಗೆ ಸಹಾಯ ಮಾಡ್ತೀವಿ. ತಪ್ಪಿ ಇಲ್ಲಿ ಬಂದಿದೆ.”

“ಅಮ್ಮಾ, ನಂಬರು ನೋಡೋಕೆ ಹೇಳು,” ಅಂದಳು ಅಕ್ಕ. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. “ಇಲ್ಲೂ ನಂಬರಿದೆ, ಆಚೆ ಮಿಷನ್ನಿನ ಮೇಲೂ ನಂಬರಿದೆ. ಕೂಡಿಸ್ಕೊಳ್ಳಿ ಅಂತ ಹೇಳು. ಇವನು ಏಳು, ನನ್ನ ತಮ್ಮ. ಇಷ್ಟು ವರ್ಷ ಅವರ ದೇಶದ ಸತ್ತೋರ ಹೆಸರೆಲ್ಲ ಕೊರೆದಿರೋನು.”

ಹುಡುಗಿ ಹೇಳಿದಳು. ಉದ್ದನೆಯವನು ಚಿತ್ರ ನೋಡಿದ, ಗಾಜಿನಾಚೆ ನೋಡಿದ, ಮತ್ತೆ ಚಿತ್ರ ನೋಡಿದ. ಮುಖ ಬಿಳಿಚಿಕೊಂಡಿತು. ಗಿಡ್ಡನೆಯವನು ಅವನ ಕಿವಿಯಲ್ಲಿ ಏನೋ ಅಂದ. ಇಬ್ಬರೂ ಮೆಲ್ಲಗೆ ಬಹಳ ಹೊತ್ತು ಮಾತಾಡಿದರು. ಆ ಮೆಲುದನಿ ಅಕ್ಕನಿಗೆ ಹಿಡಿಸಲಿಲ್ಲ. ಗಿಡ್ಡನೆಯವನು ಡೈರಿ ತೆಗೆದು ಒಂದು ಪುಟ ತಿರುವಿ, ಹುಡುಗಿಗೆ ಏನೋ ಕೇಳಿದ.

ಅಕ್ಕ ಹುಡುಗಿಯ ಕಡೆ ತಿರುಗಿದಳು.

“ಏನಂದ್ರಮ್ಮ?”

“ಅದು... ಈ ತಿಂಗಳ ಲೋಡು...” ಹುಡುಗಿ ನೆಲ ನೋಡಿದಳು. “ತಡ ಆಗುತ್ತಾ ಅಂತ ಕೇಳ್ತಿದಾರೆ.”

ಗಾಜಿನಾಚೆ ನಾಲ್ಕನೇ ಮಿಷನ್ನು ನಿಂತಿತ್ತು. ಮುದುಕ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ಸಾಲಿನಲ್ಲಿ ತನ್ನ ನಂಬರು ಹುಡುಕುತ್ತಾ ಬರುತ್ತಿದ್ದ. ಒಂಬತ್ತು ನಿಂತಿತು. ಹನ್ನೆರಡು, ಹದಿಮೂರು ನಿಂತವು. ಪೈಪಿನ ನೀರು ಮಾತ್ರ ಕಲ್ಲುಗಳ ಮೇಲೆ ಸುಮ್ಮನೆ ಹರಿಯುತ್ತಿತ್ತು.

“ಆಗುತ್ತೆ ಅಂತ ಹೇಳು,” ಅಂದಳು ಅಕ್ಕ.

ಹುಡುಗಿ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಗಾಜಿನಾಚೆ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದರು. ತನ್ನದು ಸಿಕ್ಕವನು ಅಲ್ಲೇ ನಿಂತುಬಿಡುತ್ತಿದ್ದ. ಸಿಗದವನು ಅವನನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದ. ಕೆಲವರು ನಂಬರಿನ ಮೇಲೆ ಬೆರಳಿಟ್ಟು, ಒಳಗೆ ನಿಂತ ಅವಳ ಕಡೆ ತಿರುಗಿ ಏನೋ ಕೇಳುತ್ತಿದ್ದರು. ಗಾಜು ದಪ್ಪ. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಒಳಗೆ ಬರುತ್ತಿರಲಿಲ್ಲ.