ತಿರುಗಿ ಮಾತಾಡು

ಭಾವ ಕುರ್ಚಿ ಎಳೆದುಕೊಂಡು ಬಂದು ಸಣ್ಣುವಿನ ಬೆನ್ನ ಹಿಂದೆಯೇ ಕೂತರು. ಬೇರೆ ದಿನವಾಗಿದ್ದರೆ ಕಂಪ್ಯೂಟರನ್ನು ಅವನ ಪಾಲಿಗೆ ಬಿಟ್ಟು, "ನೋಡಪ್ಪ, ನಿನ್ನ ಕೂಸು ಮತ್ತೆ ಹಟ ಹಿಡಿದಿದೆ" ಎಂದು ಹೊರಗಿನ ಕೋಣೆಗೆ ಪೇಪರ್ ಓದಲು ಹೋಗಿಬಿಡುತ್ತಿದ್ದರು. ಇವತ್ತು ಬಾಗಿಲು ತೆರೆದಾಗಲೇ ಅವರ ಮುಖ ಬಿಗಿದಿತ್ತು. ಚಪ್ಪಲಿ ಬಿಡುವಷ್ಟರಲ್ಲಿ, "ಬ್ಯಾಗ್ ಇಲ್ಲೇ ಇರಲಿ. ಏನು ಬೇಕೋ ಅದನ್ನಷ್ಟೇ ತಗೊಂಡು ಒಳಗೆ ಬಾ" ಎಂದಿದ್ದರು.

"ಏನಾಗಿದೆ ಭಾವ?" ಪರದೆಯ ಮೇಲೆ ಕಣ್ಣಿಟ್ಟುಕೊಂಡೇ ಸಣ್ಣು ಕೇಳಿದ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದ.

"ತಿರುಗಿ ಮಾತಾಡು," ಎಂದರು ಭಾವ. "ಮುಖ ನೋಡಿ ಮಾತಾಡೋಕೇನು ಕಷ್ಟ ನಿಂಗೆ?"

ಸಣ್ಣು ತಿರುಗಿದ. ಭಾವ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಪೊಲೀಸರು ಕಳ್ಳನನ್ನು ನೋಡುವ ಹಾಗೆ ಇದೆಯಲ್ಲ ಈ ನೋಟ ಎಂದುಕೊಂಡ.

ಕಂಪ್ಯೂಟರ್ ರಿಪೇರಿ ಸಣ್ಣುವಿನ ಹೊಟ್ಟೆಪಾಡು. ಪೇಟೆಯ ಬೀದಿಯಲ್ಲಿ ಗಾಜಿನ ಬಾಗಿಲಿನ ಒಂದು ಪುಟ್ಟ ಅಂಗಡಿಯಿತ್ತು. ಅಂಗಡಿಗೆ ಬರುವ ಗಿರಾಕಿಗಳು ಒಂದು ತೂಕವಾದರೆ ನೆಂಟರಿಷ್ಟರೇ ಇನ್ನೊಂದು ತೂಕ. ಚಿಕ್ಕಮ್ಮನ ಪ್ರಿಂಟರ್, ದೊಡ್ಡಪ್ಪ ದಿನಕ್ಕೊಮ್ಮೆ ಮರೆಯುವ ಪಾಸ್‌ವರ್ಡ್, ಸೋದರತ್ತೆಯ ಮಗಳ ನೀರು ಕುಡಿದ ಲ್ಯಾಪ್‌ಟಾಪ್, ಎಲ್ಲದಕ್ಕೂ ಅವನೇ. ಒಂದು ಸಲ ಕೈಯಿಟ್ಟರೆ ಮುಗಿಯಿತು, ಆಮೇಲೆ ಆ ಮನೆಯಲ್ಲಿ ಏನು ಕೆಟ್ಟರೂ ಅವನ ತಲೆಗೇ. ಚಿಕ್ಕಪ್ಪನ ಕೀಬೋರ್ಡ್ ಸರಿಮಾಡಿ ಬಂದ ವಾರದಲ್ಲೇ ಅವರ ಫ್ರಿಜ್ ನಿಂತುಹೋಗಿ, "ನೀನು ಆವತ್ತು ಆ ಪ್ಲಗ್ ಮುಟ್ಟಿದ್ದೆ ಅಲ್ವಾ?" ಎಂದು ಫೋನು ಬಂದಿತ್ತು. ಸಣ್ಣು ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದ. ಆದರೆ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಹೆಮ್ಮೆಯಿತ್ತು. ಜನ ಮನೆಯ ಬೀಗದಕೈ ಕೊಟ್ಟ ಹಾಗೆ ಮೆಷಿನ್ ಕೊಟ್ಟು ಹೋಗುತ್ತಾರೆ. ಅವನು ಇವತ್ತಿನವರೆಗೆ ಒಬ್ಬರ ಫೋಟೋ ತೆರೆದು ನೋಡಿದವನಲ್ಲ, ಒಬ್ಬರ ಪತ್ರ ಓದಿದವನಲ್ಲ.

"ಈ ಮೂಲೇಲಿ ಮೈಕಿನ ಗುರುತು ಇದೆಯಲ್ಲ," ಭಾವ ಮುಂದೆ ಬಾಗಿ ಪರದೆಗೆ ಬೆರಳಿಟ್ಟರು. "ನಾನು ಮುಟ್ಟದೆ ತಾನಾಗೇ ಹೊತ್ತಿಕೊಳ್ಳುತ್ತೆ. ಯಾರೋ ಕೇಳಿಸ್ಕೊಳ್ತಿದಾರೆ."

"ಏನೋ ಅಪ್‌ಡೇಟ್ ಇರಬೇಕು ಭಾವ."

"ಏನದು? ನೆಟ್ಟಗೆ ಹೇಳು."

"ಅಪ್‌ಡೇಟ್ ಇರಬೇಕು ಅಂದೆ."

"ಹುಡುಕು. ನಾನು ಇಲ್ಲೇ ಕೂತಿರ್ತೀನಿ."

ಭಾವ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಹೇಳಿದ್ದು, ವಕೀಲರು ಕೆಣಕಿದ್ದು, ಜಡ್ಜ್ ಗದರಿದ್ದು, ಒಂದಕ್ಷರ ಬಿಡದೆ ಇಳಿಸಿಕೊಳ್ಳುವುದು ಅವರ ಕೆಲಸ. ಬೇರೆಯವರ ಮಾತು ಬರೆದುಕೊಂಡೇ ಸಂಸಾರ ನಡೆಸಿದವರಿಗೆ ತಮ್ಮ ಮಾತು ಯಾರೋ ಕದಿಯುತ್ತಿದ್ದಾರೆ ಅನ್ನಿಸಿದರೆ ಹೇಗಾಗಬೇಡ. ಸಣ್ಣು ಇದನ್ನೇ ಯೋಚಿಸುತ್ತ, ತಾನಾಗಿ ಶುರುವಾಗುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ನೋಡುತ್ತ ಹೋದ. ಕೆಳಗೆಲ್ಲೋ ಅವನ ಕೈ ನಿಂತಿತು.

ಅಪ್‌ಡೇಟ್ ಅಲ್ಲ. ಮಕ್ಕಳ ಮೇಲೆ ಕಣ್ಣಿಡಲು ಅಂತ ಅಪ್ಪ ಅಮ್ಮಂದಿರಿಗೆ ಮಾರುವ ಜಾತಿಯದು. ಕಂಪ್ಯೂಟರಿನಲ್ಲಿ ಆಡಿದ, ಕೇಳಿದ ಮಾತನ್ನೆಲ್ಲ ಹಿಡಿದು ಯಾವುದೋ ಫೋನಿಗೆ ಸಾಗಿಸುತ್ತದೆ. ಈ ಮನೆಯಲ್ಲಿ ಮಕ್ಕಳಿರಲಿಲ್ಲ.

"ಸಿಕ್ತಾ?"

"ಏನೋ ಇದೆ. ತೆಗೆದುಬಿಡ್ತೀನಿ."

"ತೆಗೀಬೇಡ. ಯಾವತ್ತು ಹಾಕಿದ್ದು ಅಂತ ತೋರಿಸು."

ತೋರಿಸದೆ ಗತಿಯಿರಲಿಲ್ಲ. ತಾರೀಕು ಪರದೆಯ ಮೇಲೆ ಬಂತು. ಸಣ್ಣು ಮೌಸಿನ ಮೇಲಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಲು ತಾನೇ ಬಂದು ಬೆಳಗಿನಿಂದ ಸಂಜೆಯವರೆಗೆ ಇದೇ ಕುರ್ಚಿಯಲ್ಲಿ ಕೂತಿದ್ದ ಭಾನುವಾರ ಅದು.

"ಆವತ್ತು ನಾನು ಊರಲ್ಲೇ ಇರಲಿಲ್ಲ," ಎಂದರು ಭಾವ ನಿಧಾನವಾಗಿ. "ಇದನ್ನ ಮುಟ್ಟಿದ್ದು ನೀನೊಬ್ಬನೇ."

ಒಬ್ಬನೇ ಅಲ್ಲ. ಊಟದ ಹೊತ್ತಿಗೆ ಅಕ್ಕ ಬಂದು, "ನೀನು ಕೈ ತೊಳ್ಕೊಂಡು ಕೂತ್ಕೋ ಸಣ್ಣು, ನಾನು ಒಂದು ಹಾಳೆ ಪ್ರಿಂಟ್ ತಗೋತೀನಿ. ಪಾಸ್‌ವರ್ಡ್ ಕೇಳ್ತಿದೆ, ಹೇಳು" ಅಂದಿದ್ದಳು. ಅವನು ತುತ್ತು ಬಾಯಿಗಿಡುತ್ತಲೇ ಹೇಳಿದ್ದ. ಯಾವ ಹಾಳೆ ಎಂದು ಕೇಳಿರಲಿಲ್ಲ.

ಈಗ ಅವಳು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಸಣ್ಣು ಅವಳತ್ತ ನೋಡಿದ. ಅವಳು ಲೋಟದೊಳಗೆ ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವನು ಕಾದ.

"ಟೀ ಆರ್ತಾ ಇದೆ," ಎಂದಳು ಅಕ್ಕ, ಮತ್ತು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಸಣ್ಣು ಪ್ರೋಗ್ರಾಮನ್ನು ಕಿತ್ತುಹಾಕಿ ಎದ್ದ. ಮಾಡಿದ್ದು ನಾನು ಎಂದೂ ಹೇಳಲಿಲ್ಲ, ನಾನಲ್ಲ ಎಂದೂ ಹೇಳಲಿಲ್ಲ. ಭಾವ ಅವನ ಹಿಂದೆಯೇ ಬಾಗಿಲವರೆಗೆ ಬಂದರು. ಬೈಯಲಿಲ್ಲ. "ಇನ್ಮೇಲೆ ನಾನು ಬೇರೆಯವರಿಗೆ ತೋರಿಸ್ತೀನಿ," ಎಂದಷ್ಟೇ ಹೇಳಿ ಚಿಲಕ ಹಾಕಿಕೊಂಡರು.

ಮರುದಿನ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಅಂಚೆ ಕಚೇರಿಯ ಕೌಂಟರಿನಿಂದ ನೇರ ಬಂದಿರಬೇಕು, ಬೆರಳಿನಲ್ಲಿ ಇನ್ನೂ ಮೊಹರಿನ ಮಸಿಯಿತ್ತು. ಒಳಗೆ ಬಂದವಳು ಕೂರುವ ಮೊದಲೇ ಕೇಳಿದಳು:

"ಅದನ್ನ ಪೂರ್ತಿ ತೆಗೆದುಬಿಟ್ಟೆಯಾ?"

ಸಣ್ಣುವಿಗೆ ಪಿತ್ತ ನೆತ್ತಿಗೇರಿತು. "ಬೇರೆ ಏನಾದ್ರೂ ಮಾತಿಂದ ಶುರು ಮಾಡಬಹುದಿತ್ತು ಅಕ್ಕ."

"ನಿನ್ನೆ ನಾನು ಬಾಯಿ ಬಿಟ್ಟಿದ್ರೆ ನನ್ನ ಸಂಸಾರ ಬೀದಿಗೆ ಬರ್ತಿತ್ತು. ನೀನು ತಮ್ಮ. ಇವತ್ತು ಅನ್ನಿಸ್ಕೊಂಡ್ರೆ ನಾಳೆ ಸರಿಹೋಗುತ್ತೆ."

"ನನ್ನ ಕೆಲಸದ ಮಾನ ಏನಾಗಬೇಕು?"

ಅವಳು ಸ್ಟೂಲಿನ ಮೇಲೆ ಕೂತು ಮೊಬೈಲ್ ತೆಗೆದಳು. ಸ್ವಲ್ಪ ಹೊತ್ತು ಅದನ್ನು ಅಂಗೈಯಲ್ಲಿ ಆಚೀಚೆ ತಿರುಗಿಸಿದಳು.

"ದಿನಾ ಸಂಜೆ ಆ ಕೋಣೆ ಬಾಗಿಲು ಹಾಕ್ಕೊಳ್ತಾರೆ ಸಣ್ಣು. ಕೂಗಿದ್ರೆ ಓ ಅನ್ನಲ್ಲ. ಪಕ್ಕದಲ್ಲೇ ಕೂತು ಏನಾದ್ರೂ ಕೇಳಿದ್ರೆ ಕಲ್ಲು ಕೂತ ಹಾಗೆ. ನಾನು ಮನೇಲಿ ಇದೀನೋ ಇಲ್ವೋ ಅನ್ನೋದೇ ಅವರಿಗೆ ಬೇಡ. ಒಳಗಿಂದ ಮಾತ್ರ ಯಾವಳೋ ಹೆಂಗಸಿನ ದನಿ."

"ಯಾರು ಅಂತ ಕೇಳಿದೆಯಾ?"

"ಕೋರ್ಟಿನ ಕೆಲಸ ಅಂದ್ರು. ಕೋರ್ಟಿನ ಕೆಲಸಕ್ಕೆ ಬಾಗಿಲು ಯಾಕೆ ಹಾಕ್ಕೋಬೇಕು?" ದನಿ ತಗ್ಗಿಸಿದಳು. "ಇದಕ್ಕೆ ಬಂದಿದ್ದರಲ್ಲಿ ಒಂದನ್ನಷ್ಟೇ ಕೇಳಿಸ್ಕೊಂಡೆ, ಮೊದಲನೇದು. ಅವಳು ಏನಂತಾಳೆ ಗೊತ್ತಾ? ನನ್ನ ತುಟಿ ನೋಡಿ ಅಂತಾಳೆ. ಅಷ್ಟು ಕೇಳಿ ಮುಚ್ಚಿಬಿಟ್ಟೆ. ಆಮೇಲೆ ಬಂದಿದ್ದೆಲ್ಲ ಹಾಗೇ ಬಿದ್ದಿದೆ. ಕೇಳೋಕೆ ಧೈರ್ಯ ಸಾಲದು, ಅಳಿಸೋಕೆ ಮನಸ್ಸು ಬರಲ್ಲ. ನೀನು ಕೇಳಿ ಹೇಳು."

"ನಾನು ಇಂಥದ್ದು ಮುಟ್ಟಲ್ಲ."

"ಮುಟ್ಟಿದ ಹೆಸರು ಹೇಗೂ ಬಂದಿದೆಯಲ್ಲ."

ಮಾತು ಒರಟಾಗಿತ್ತು, ಆದರೆ ಮೊಬೈಲನ್ನು ಅವನತ್ತ ಚಾಚಿದ ಕೈಯನ್ನು ಅವಳು ಹಿಂದೆ ತೆಗೆಯಲಿಲ್ಲ. ಸಣ್ಣು ಗಾಜಿನ ಬಾಗಿಲು ಎಳೆದು, ಮೊಬೈಲನ್ನು ಇಬ್ಬರ ನಡುವೆ ಇಟ್ಟು ಒತ್ತಿದ.

"ನನ್ನ ತುಟಿ ನೋಡಿ," ಎಂದಿತು ಹೆಂಗಸಿನ ದನಿ. ಪ್ರಾಯದವಳ ದನಿಯಲ್ಲ, ತರಗತಿಯಲ್ಲಿ ಪಾಠ ಹೇಳಿ ಸವೆದ ದನಿ. "ತುಟಿ ಮಾತ್ರ. ಈಗ ಮೆತ್ತಗೆ ಹೇಳ್ತೀನಿ. ಬೆಲೆ."

"ಬಲೆ," ಎಂದಿತು ಭಾವನ ದನಿ.

"ಅಲ್ಲ. ಇನ್ನೊಂದ್ಸಲ ನೋಡಿ. ಬೆಲೆ."

"ಬೆಳೆ?"

"ಹತ್ತಿರ ಬಂದ್ರಿ. ಮುಂದಿನದು. ಮರ."

"ಬರ."

"ಮರ, ಬರ, ಪರ ಮೂರೂ ತುಟಿಗೆ ಒಂದೇ ಥರ ಸಾರ್. ಅದಕ್ಕೆ ಬೇಜಾರು ಮಾಡ್ಕೋಬೇಡಿ. ಹಿಂದು ಮುಂದಿನ ಮಾತು ಹಿಡ್ಕೊಂಡು ಊಹಿಸ್ಬೇಕು."

ಕುರ್ಚಿ ಸರಿದ ಸದ್ದು. ಆಮೇಲೆ ಭಾವ: "ಕೋರ್ಟಲ್ಲಿ ಊಹಿಸಿ ಬರೆಯೋಕಾಗಲ್ಲ ಮೇಡಂ. ಒಬ್ಬ ಮನುಷ್ಯನ ಜೀವನ ಇರುತ್ತೆ ಅದರಲ್ಲಿ."

"ಎಡಗಿವಿ ಇನ್ನು ಬರಲ್ಲ ಅಂತ ಡಾಕ್ಟರ್ ಹೇಳಿದಾರಲ್ಲ. ಮನೇಲಿ ಹೇಳಿದ್ರಾ?"

"ಹೇಳಿದ್ರೆ ಅವಳು ಆಗಿನಿಂದಲೇ ನನ್ನ ನೋಡಿ ಮರುಗೋಕೆ ಶುರು ಮಾಡ್ತಾಳೆ. ಕೆಲಸ ಇರೋವರೆಗೂ ಯಾರಿಗೂ ಗೊತ್ತಾಗೋದು ಬೇಡ. ಮುಂದಿನದು ಹೇಳಿ."

ಸಣ್ಣು ನಿಲ್ಲಿಸಿದ. ನಿನ್ನೆ ಬೆನ್ನ ಹಿಂದಿನಿಂದ ಬಂದ 'ತಿರುಗಿ ಮಾತಾಡು' ಎಂಬ ಗದರಿಕೆ ಈಗ ಬೇರೆಯದೇ ಮಾತಾಗಿ ಅವನ ಕಿವಿಗೆ ಬಿತ್ತು. ಅಕ್ಕ ಮಸಿಯ ಬೆರಳನ್ನು ಸೆರಗಿನ ತುದಿಗೆ ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಸೆರಗಿಗೆ ಹತ್ತುತ್ತಿತ್ತು.

"ಜಂಬ ಅಂದ್ಕೊಂಡಿದ್ದೆ," ಎಂದಳು. "ಸಾರಿ ಸಾರಿ ಕೂಗಿ, ಕಡೆಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ ಅಡುಗೆಮನೆಯಿಂದ. ಅದು ಕೇಳಿಸಿಲ್ಲವಲ್ಲ, ಸದ್ಯ." ನಗಲು ನೋಡಿದಳು, ಆಗಲಿಲ್ಲ.

"ಹೋಗಿ ಹೇಳಿಬಿಡು ಅಕ್ಕ. ಇದೆಲ್ಲ ಮುಗಿಯುತ್ತೆ."

"ಹೆಂಡತಿ ಕದ್ದು ಕೇಳಿದ್ಲು ಅಂತ ಗೊತ್ತಾದ್ರೆ ಆ ಮನುಷ್ಯ ಇನ್ನು ನನ್ನ ಮುಂದೆ ಬಾಯೇ ಬಿಡಲ್ಲ. ನಿಂಗೆ ಅವರು ಗೊತ್ತಿಲ್ಲ."

"ಹಾಗಾದ್ರೆ ಕದ್ದು ಕೇಳಿದವನು ನಾನೇ ಆಗಿರಬೇಕು."

ಅವಳು ಮೊಬೈಲನ್ನು ಅವನತ್ತ ತಳ್ಳಿದಳು. ಎಲ್ಲವನ್ನೂ ಅಳಿಸಿಕೊಡು ಎಂದಳು. ಅಳಿಸಿಕೊಟ್ಟ. ಹೋಗುವಾಗ ಅವನ ಭುಜ ಮುಟ್ಟಿದಳು. ಅವನು ಸ್ಕ್ರೂಡ್ರೈವರ್ ಹುಡುಕುವವನ ಹಾಗೆ ಬಗ್ಗಿದ.

ಸಣ್ಣು ಕದ್ದು ಕೇಳುತ್ತಾನೆ ಎಂಬ ಮಾತು ನೆಂಟರಲ್ಲೆಲ್ಲ ಹಬ್ಬಿತು. ಯಾರು ಹಬ್ಬಿಸಿದರೋ, ಬಾಯಿಂದ ಬಾಯಿಗೆ ಬೆಳೆಯಿತು. ಚಿಕ್ಕಮ್ಮನ ಪ್ರಿಂಟರ್ ಬೇರೆ ಅಂಗಡಿಗೆ ಹೋಯಿತು. ದೊಡ್ಡಪ್ಪ ಎದುರು ಸಿಕ್ಕರೆ ಮೊಬೈಲನ್ನು ಜೇಬಿನೊಳಗೆ ತಳ್ಳಿಕೊಳ್ಳತೊಡಗಿದರು. ಪುಕ್ಕಟೆ ಚಾಕರಿ ತಪ್ಪಿತಲ್ಲ ಎಂದು ಸಣ್ಣು ಹಾಯಾಗಿರಬೇಕಿತ್ತು. ಆದರೆ ಫೋನು ಸುಮ್ಮನಿದ್ದ ಸಂಜೆಗಳಲ್ಲಿ ಅವನಿಗೆ ಮೈಮೇಲೆ ಏನೋ ಅಂಟಿಕೊಂಡ ಹಾಗಾಗುತ್ತಿತ್ತು. ಗಿರಾಕಿಗಳು ಮೆಷಿನ್ ಬಿಟ್ಟು ಹೋಗುವಾಗ, "ಇದರಲ್ಲಿ ನಮ್ಮ ಮನೆ ಫೋಟೋ ಇದಾವೆ ಕಣ್ರೀ" ಎಂದು ಸಹಜವಾಗಿ ಅಂದರೂ ಚುರ್ ಎನ್ನುತ್ತಿತ್ತು.

ತಿಂಗಳು ದಾಟಿರಬೇಕು. ಒಂದು ಬೆಳಗ್ಗೆ ಭಾವ ಕಂಪ್ಯೂಟರಿನ ಡಬ್ಬವನ್ನು ಎದೆಗವಚಿಕೊಂಡು ಅಂಗಡಿಯ ಮುಂದೆ ನಿಂತಿದ್ದರು. ಅಕ್ಕನೂ ಜೊತೆಗೆ ಬಂದಿದ್ದಳು, ಆದರೆ ರಸ್ತೆ ದಾಟಲಿಲ್ಲ. ಆಚೆ ಬದಿಯ ಔಷಧಿ ಅಂಗಡಿಯ ಮೆಟ್ಟಿಲಲ್ಲೇ ನಿಂತಳು. ಸಣ್ಣು ಧೂಳು ಊದುವ ಬ್ಲೋವರ್ ಆರಿಸಿ, ಭಾವನ ಕೈಯಿಂದ ಡಬ್ಬ ಇಸಿದುಕೊಂಡ.

"ಬೇರೆಯವರ ಹತ್ತಿರ ಆಗಲಿಲ್ಲ," ಎಂದರು ಭಾವ. "ಮೂರು ದಿನ ಇಟ್ಟುಕೊಂಡು ಇನ್ನೂ ಹಾಳು ಮಾಡಿ ಕೊಟ್ಟ."

ಸಣ್ಣು ಬೆಳಕಿಗೆ ಮುಖ ಮಾಡಿ ಕೂತು ಹೇಳಿದ: "ನೋಡ್ತೀನಿ, ಕೂತ್ಕೊಳ್ಳಿ ಭಾವ."

ತುಟಿ ಕಾಣುವ ಹಾಗೆ ಅವನು ಮುಖ ಮಾಡಿದ್ದನ್ನು ಭಾವ ಗಮನಿಸಿದರು. ಸ್ಟೂಲಿನ ಮೇಲೆ ಕೂತು, ಮಂಡಿಯ ಮೇಲೆ ಕೈಯೂರಿಕೊಂಡರು. "ಎಷ್ಟು ಕೇಳಿಸ್ಕೊಂಡೆ?"

ಸಣ್ಣು ಒಂದು ಸ್ಕ್ರೂ ಬಿಚ್ಚಿ ತಟ್ಟೆಗೆ ಹಾಕಿದ. "ಬೆಲೆ, ಬಲೆ. ಮರ, ಬರ. ಅಷ್ಟೂ."

ಬೈಗುಳಕ್ಕೆ ಕಾದ. ಬರಲಿಲ್ಲ. ಭಾವನ ಭುಜಗಳು ಇಳಿದವು, ಹೊತ್ತುಕೊಂಡು ಬಂದ ಡಬ್ಬದ ಭಾರ ಈಗ ತಾನೇ ಇಳಿದ ಹಾಗೆ.

"ಬಲಗಿವಿಯದೂ ಕಮ್ಮಿಯಾಗ್ತಿದೆ," ಎಂದರು. "ಸಾಕ್ಷಿ ಹೇಳೋರು ಬಾಯಿಗೆ ಕೈ ಅಡ್ಡ ಇಟ್ಕೊಂಡ್ರೆ ನನಗೆ ಬೆವರು ಬರುತ್ತೆ." ಆಮೇಲೆ, "ನಿನ್ನ ಅಕ್ಕನಿಗೆ ಹೇಳಿದೆಯಾ?"

"ಇಲ್ಲ ಭಾವ."

"ಇಲ್ಲವಾ?"

"ಇಲ್ಲ."

ಕನ್ನಡಕದ ಹಿಂದಿನ ಭಾವನ ಕಣ್ಣು ಅವನ ತುಟಿಯ ಮೇಲೇ ಇತ್ತು. "ಈಗೀಗ ಅವಳು ಅಡುಗೆಮನೆಯಿಂದ ಕೂಗಲ್ಲ. ಎದುರಿಗೆ ಬಂದು ನಿಲ್ತಾಳೆ. ಕತ್ತಲಿದ್ರೆ ದೀಪ ಹಾಕಿ ಆಮೇಲೆ ಮಾತಾಡ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಇದು ಹೊಸದು. ನೀನು ಹೇಳಿಲ್ಲ ಅಂದ್ರೆ ಅವಳಿಗೆ ಎಲ್ಲಿಂದ ಗೊತ್ತಾಯ್ತು?"

ಕೋರ್ಟಿನಲ್ಲಿ ಇಷ್ಟು ಕಾಲ ಕೂತವರ ಪ್ರಶ್ನೆ ಅದು. ಹೇಳಿದೆ ಎಂದರೆ ಮುಗಿಯುತ್ತಿತ್ತು. ಆದರೆ ಎರಡು ಸಲ ಇಲ್ಲ ಎಂದಾಗಿತ್ತು. ಸಣ್ಣು ಮುಂದಿನ ಸ್ಕ್ರೂಗೆ ಕೈ ಹಾಕಿದ. ಅದು ಜಾಮ್ ಆಗಿ ತಿರುಗಲಿಲ್ಲ.

ಆಗಲೇ ಕೌಂಟರಿನ ಮೇಲಿದ್ದ ಅವನ ಮೊಬೈಲ್ ಹೊತ್ತಿಕೊಂಡು ಅದುರತೊಡಗಿತು. ಪರದೆಯ ಮೇಲೆ 'ಅಕ್ಕ' ಎಂದಿತ್ತು. ಇಬ್ಬರೂ ಅದನ್ನು ನೋಡಿದರು, ಆಮೇಲೆ ಗಾಜಿನಾಚೆ ನೋಡಿದರು. ಮೆಟ್ಟಿಲಲ್ಲಿ ಅಕ್ಕ ಫೋನನ್ನು ಕಿವಿಗಿಟ್ಟು ನಿಂತಿದ್ದಳು. ಬಿಸಿಲು ನೇರ ಅವಳ ಮುಖದ ಮೇಲಿತ್ತು.

"ತಗೋ," ಎಂದರು ಭಾವ. "ಕಾಯ್ತಿದಾಳೆ."

ಸಣ್ಣು ತೆಗೆದುಕೊಂಡ. "ಏನಂದ್ರು?" ಅಕ್ಕನ ದನಿ ಕಿವಿಯೊಳಗೆ ಅವಸರವಾಗಿ ಬಂತು. "ನಾನು ಹಾಕಿದ್ದು ಅಂತ ಹೇಳಿಬಿಟ್ಟೆಯಾ? ಸಣ್ಣು, ಕೇಳಿಸ್ತಿದೆಯಾ?" ರಸ್ತೆಯಾಚೆ ಅವಳ ತುಟಿಗಳು ಅದೇ ಮಾತಿಗೆ ಅಲುಗುತ್ತಿದ್ದವು.

ಭಾವ ಗಾಜಿನ ಕಡೆಗೇ ಮುಖ ಮಾಡಿ ಕೂತಿದ್ದರು. ಒಂದು ಕ್ಷಣ ಹೆಂಡತಿಯ ತುಟಿಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟು, ಸ್ಕ್ರೂ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತಲೆ ಬಗ್ಗಿಸಿ, ಚಿಕ್ಕವನ್ನು ಒಂದು ಕಡೆಗೂ ದೊಡ್ಡವನ್ನು ಇನ್ನೊಂದು ಕಡೆಗೂ ಬೆರಳಿನಿಂದ ತಡವಿ ತಡವಿ ಬೇರೆ ಮಾಡತೊಡಗಿದರು.