ಉಪ್ಪಿಲ್ಲದ ತಟ್ಟೆ

ನಾಯಿ ತಟ್ಟೆಗೆ ಮೂತಿ ಇಡುವ ಮೊದಲೇ ವರಲಕ್ಷ್ಮಿ ಅಂಗಳ ದಾಟಿ ಬಂದು ತಟ್ಟೆಯನ್ನು ಕಿತ್ತುಕೊಂಡಳು. ಅದರಲ್ಲಿದ್ದ ಚಿತ್ರಾನ್ನವನ್ನು ಹಾಗೇ ತಿಪ್ಪೆಗೆ ಎಸೆದು, ತಟ್ಟೆಯನ್ನು ಸೆರಗಿನಲ್ಲಿ ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು. ಚಪ್ಪರದ ಕೆಳಗೆ ಅತ್ತೆ ಮುನಿಗಂಗಮ್ಮನ ಹೆಣದ ಸುತ್ತ ಕೂತು ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ಅಳು ನಿಲ್ಲಿಸಿ ಇತ್ತ ನೋಡಿದರು.

"ಏನಮ್ಮಾ ಇದು?" ಚಿತ್ರಾನ್ನ ಹಾಕಿದ್ದ ಎದುರುಮನೆಯ ಕದಿರಮ್ಮ ಸೌಟು ಹಿಡಿದು ಇನ್ನೂ ಅಲ್ಲೇ ನಿಂತಿದ್ದಳು. "ಬೆಳಗ್ಗೆಯಿಂದ ಬಾಲ ಮುದುರ್ಕೊಂಡು ಕೂತೈತೆ, ಪಾಪ ಅಂತ ನಾನೇ ಒಂದು ಸೌಟು ಹಾಕ್ದೆ. ಸಾವಿನ ಮನೆಗೆ ತಂದ ಅನ್ನಾನ ಎಸೀತಾರಾ ಯಾರಾದ್ರೂ?"

"ಈರುಳ್ಳಿ ಐತೆ ಕದಿರಕ್ಕ. ಉಪ್ಪು, ಖಾರ ಐತೆ. ಇದಕ್ಕೆ ಆಗಲ್ಲ."

"ನಾಯಿಗೆ ಉಪ್ಪಾಗಲ್ವಂತೆ! ನಮ್ಮನೆ ಯಜಮಾನ್ರಿಗೂ ಆಗಲ್ಲ ಅಂತ ಡಾಕ್ಟ್ರು ಹೇಳವ್ರೆ. ಅವರು ಉಪ್ಪಿನಕಾಯಿ ಇಲ್ದೆ ತುತ್ತೆತ್ತಲ್ಲ."

ಯಾರೋ ಕಿಸಕ್ಕನೆ ನಕ್ಕು, ಹೆಣ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮುನಿಗಂಗಮ್ಮ ಹೋದದ್ದು ಅಂದು ಬೆಳಗಿನ ಜಾವ. ನಾಯಿಗೆಂದು ಸಿಹಿಕುಂಬಳಕಾಯಿ ಹೆಚ್ಚುತ್ತಿದ್ದವಳು ಈಳಿಗೆಮಣೆಯ ಮೇಲಿಂದ ಮೆಲ್ಲಗೆ ಪಕ್ಕಕ್ಕೆ ವಾಲಿದಳು, ಅಷ್ಟೇ. ಒಂದು ಹೋಳು ಈಳಿಗೆಯ ಬಾಯಲ್ಲಿ ಅರ್ಧ ಸೀಳಿಕೊಂಡು ಹಾಗೇ ನಿಂತಿತ್ತು. ಆ ಸುದ್ದಿ ಕೇಳಿದವರೆಲ್ಲ ನುಗ್ಗೆಮರಕ್ಕೆ ಕಟ್ಟಿದ ಆ ಕಂದು ನಾಯಿಯನ್ನು, ಅದೇ ಯಮನನ್ನು ಕರೆದುಕೊಂಡು ಬಂದಿತೇನೋ ಎಂಬಂತೆ ನೋಡಿ ಹೋಗುತ್ತಿದ್ದರು. ಅದರ ಹೆಸರು ರಾಕೆಟ್. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ. ಮರುಕ ಪಟ್ಟ ಕೆಲವರು ಬನ್ನು, ಬಿಸ್ಕತ್ತು ಎಸೆದಿದ್ದರು. ಅವು ಮಣ್ಣಿನಲ್ಲಿ ಬಿದ್ದಿದ್ದವು. ರಾಕೆಟ್ ಮೂಸಿಯೂ ನೋಡಿರಲಿಲ್ಲ. ಮುನಿಗಂಗಮ್ಮ ಅದನ್ನು ಬೆಳೆಸಿದ ಕ್ರಮವೇ ಹಾಗೆ. ನೆಲಕ್ಕೆ ಬಿದ್ದದ್ದನ್ನು ಅದು ಮುಟ್ಟದು. ತಟ್ಟೆಗೆ ಬಿದ್ದದ್ದನ್ನು ನಂಬಿ ತಿನ್ನುವುದು.

ಅದರ ಊಟದ ಹೊತ್ತು ಒಂಬತ್ತು ಗಂಟೆ. ಈಗ ಹತ್ತು ದಾಟಿತ್ತು.

"ಕದಿರಕ್ಕ, ನಿಮ್ಮನೆ ಗ್ಯಾಸಿನ ಮೇಲೆ ನಾಲ್ಕು ಮೊಟ್ಟೆ, ಒಂಚೂರು ಕುಂಬಳಕಾಯಿ ಬೇಯಿಸ್ಕೊಡ್ತೀರಾ?" ವರಲಕ್ಷ್ಮಿ ದನಿ ತಗ್ಗಿಸಿ ಕೇಳಿದಳು. ಹೆಣ ಎತ್ತುವವರೆಗೆ ಮನೆಯ ಒಲೆ ಹಚ್ಚುವಂತಿಲ್ಲ. ಸೂತಕದ ಅಣ್ಣತಮ್ಮಂದಿರ ಆರು ಮನೆಗಳಲ್ಲೂ ಹಚ್ಚುವಂತಿಲ್ಲ. ಬೇರೆ ವಂಶದವಳಾದ ಕದಿರಮ್ಮನ ಮನೆಯಿಂದಲೇ ಎಲ್ಲರಿಗೂ ಅನ್ನ ಬರುತ್ತಿತ್ತು.

"ದೇವುಡಾ! ಸಾವಿನ ಮನೆಗೆ ಅಂತ ಮಡೀಲಿ ಬೇಯಿಸ್ತಾ ಇದೀನಿ, ಅದರ ಪಕ್ಕದಲ್ಲಿ ಮೊಟ್ಟೇನಾ? ನಿಮ್ಮತ್ತೆ ಹುಚ್ಚು ನಿಂಗೂ ಹತ್ತಿತಾ?"

ಹೆಣದ ಕಾಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ವೆಂಕಟರಾಮಪ್ಪನಿಗೆ ಮಾತು ಕೇಳಿಸಿತು. ಅವನು ಮುನಿಗಂಗಮ್ಮನ ಮೈದುನ, ಈಗ ಆ ವಂಶಕ್ಕೆ ಹಿರಿಯ. "ಏನಮ್ಮಾ ವರಲಕ್ಷ್ಮಿ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಎತ್ತಬೇಕು. ಸಾವಿರ ಕೆಲಸ ಬಿದ್ದೈತೆ. ನಾಯಿ ಒಂದಿನ ಉಪವಾಸ ಇದ್ರೆ ಸಾಯಲ್ಲ. ಹೆಂಗೂ ನಾಳೆ ಹೈವೇ ಡಾಬಾದೋನು ಬಂದು ಹಿಡ್ಕೊಂಡು ಹೋಗ್ತಾನೆ. ನಾನು ಮಾತಾಡಿದೀನಿ. ಅಲ್ಲಿ ಬೇಕಾದಷ್ಟು ಮೂಳೆ ಬಿದ್ದಿರ್ತವೆ, ರಾಜನ ಥರ ಇರ್ತದೆ."

ಮೂಳೆ ಎಂಬ ಮಾತಿಗೆ ವರಲಕ್ಷ್ಮಿಯ ಕೈ ತಟ್ಟೆಯನ್ನು ಬಿಗಿಯಾಗಿ ಹಿಡಿಯಿತು.

*

ಮುನಿಗಂಗಮ್ಮ ಊರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕಿಯಾಗಿದ್ದವಳು. ಅವಳಿಗೆ ಓದು ಬಾರದು. ಆದರೆ ಅಂಗನವಾಡಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಅದರಲ್ಲಿ ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಹಾಲು ಒಂದೇ ತಟ್ಟೆಯಲ್ಲಿ ಪಾಲು ಹಂಚಿಕೊಂಡು ಕೂತಿದ್ದವು. ಆ ಚಿತ್ರವನ್ನು ಅವಳು ದೇವರ ಪಟದಷ್ಟೇ ನಂಬಿದ್ದಳು. ಯಾವ ಮಗುವಿನ ತಟ್ಟೆಗೂ ಒಂದು ಸೌಟು ಹೆಚ್ಚಿಲ್ಲ, ಒಂದು ಸೌಟು ಕಡಿಮೆಯಿಲ್ಲ.

ಸೇವೆಯ ಕೊನೆಯ ವರ್ಷ, ಎಲುಬು ಕಾಣುವ ನಾಯಿಮರಿಯೊಂದು ಅಂಗನವಾಡಿಯ ಗೇಟಿಗೆ ಬಂತು. ಮಕ್ಕಳ ತೂಕ ನೋಡುವ ದಿನವದು. ಸೂರಿಗೆ ನೇತುಹಾಕಿದ ತಕ್ಕಡಿಯ ಬಟ್ಟೆಚೀಲದಲ್ಲಿ ಮುನಿಗಂಗಮ್ಮ ಮರಿಯನ್ನು ಕೂರಿಸಿದ್ದಳು; ನಾಲ್ಕು ಕಾಲು ಹೊರಗೆ ಚಾಚಿ ಅದು ತೂಗುತ್ತಿತ್ತು. ಆಗಲೇ ಮೇಲ್ವಿಚಾರಕಿ ಬಂದರು.

"ಮಕ್ಕಳ ತಕ್ಕಡೀಲಿ ನಾಯೀನಾ ಮುನಿಗಂಗಮ್ಮ?"

"ಚೀಲ ತೊಳೆದು ಇಡ್ತೀನಿ ಮೇಡಂ. ಇವತ್ತು ಮೂವತ್ತೊಂದು ಮಕ್ಕಳನ್ನ ತೂಗಿದೀನಿ, ತೂಕದ ಪಟದಲ್ಲಿ ಎಲ್ಲಾ ಹಸಿರು ಗೆರೇಲೇ ಅವೆ. ಇದೊಂದೇ ಕೆಂಪಿಗಿಳಿದಿರೋದು. ಹಂಗೇ ಕಳಿಸ್ಲಾ?"

ಮೇಲ್ವಿಚಾರಕಿ ಬೈದರು. ಮುನಿಗಂಗಮ್ಮ ತಲೆತಗ್ಗಿಸಿ ಪೂರ್ತಿ ಬೈಗಳ ಕೇಳಿದಳು. ಆಮೇಲೆ ಮುಳ್ಳು ಯಾವ ಅಂಕಿಗೆ ನಿಂತಿದೆ ಎಂದು ಅವರನ್ನೇ ಕೇಳಿ ತಿಳಿದುಕೊಂಡಳು.

ಮರಿ ಬೆಳೆಯಿತು, ಓಡಲು ಕಲಿಯಿತು. ಕೆರೆಕಟ್ಟೆಯಿಂದ ದ್ರಾಕ್ಷಿತೋಟದವರೆಗೆ ಹಕ್ಕಿಗಳನ್ನು ಅಟ್ಟುತ್ತ ದಿನಕ್ಕೆ ಎಂಟು ಕಿಲೋಮೀಟರು ಸಲೀಸಾಗಿ ಓಡುತ್ತಿತ್ತು. "ಇಷ್ಟು ಓಡೋ ನಾಯಿಗೆ ಬರೀ ಮುದ್ದೆ ಸಾಲದು ಕಣಮ್ಮ" ಎಂದು ದನದ ಡಾಕ್ಟರು ಹೇಳಿದ್ದೇ ತಡ, ಗೋಡೆಯ ಚಿತ್ರ ಅವಳ ಅಡುಗೆಮನೆಗೆ ಬಂತು. ಎರಡು ಸೌಟು ಮಾಂಸ ಇಲ್ಲವೇ ಮೊಟ್ಟೆ, ಒಂದು ಸೌಟು ರಾಗಿ, ಒಂದು ಸೌಟು ಬೇಯಿಸಿದ ಕುಂಬಳಕಾಯಿ, ಮೇಲೆ ಒಂದು ಚಮಚ ಮೊಸರು. ಉಪ್ಪಿಲ್ಲ, ಈರುಳ್ಳಿಯಿಲ್ಲ, ಸಿಹಿಯಿಲ್ಲ. ಮಳೆ ಹಿಡಿದು ಓಟ ಕಡಿಮೆಯಾದ ದಿನ ರಾಗಿಯಲ್ಲಿ ಅರ್ಧ ಸೌಟು ಕಡಿತ. ತಿಂದ ಮೇಲೆ ಒಂದು ಗಂಟೆ ಓಡುವಂತಿಲ್ಲ. ಕೈವಾರದ ಮಠಕ್ಕೆ ನಡೆದುಕೊಳ್ಳುವ ಅವಳು ತಾನು ಮಾಂಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಕೋಳಿಯ ಮೂಳೆ ಬಿಡಿಸಿ ಬೇಯಿಸಿ, ಸ್ನಾನ ಮಾಡಿ, ಆಮೇಲೆ ಭಜನೆಗೆ ಕೂರುತ್ತಿದ್ದಳು.

"ಒಂದಿನ ನಂಗೂ ಆ ತಟ್ಟೇಲಿ ಬಡಿಸಿ ಅತ್ತೆ" ಎಂದು ವರಲಕ್ಷ್ಮಿ ಚುಚ್ಚಿದ್ದಳು.

"ನೀನೂ ದಿನಾ ಎಂಟು ಕಿಲೋಮೀಟ್ರು ಓಡಮ್ಮ, ಬಡಿಸ್ತೀನಿ."

*

ಆಮೇಲೆ ಬಂದದ್ದು ಆ ವರ್ಷದೊಡಕು. ಮೂರು ವರ್ಷವಾಯಿತು. ಯುಗಾದಿಯ ಮಾರನೆಯ ದಿನ, ಮನೆತುಂಬ ನೆಂಟರು, ಎರಡು ಪಾತ್ರೆ ಕೋಳಿಸಾರು. ಎಲ್ಲರಿಗೂ ಬಡಿಸಿ ಮುನಿಗಂಗಮ್ಮ ಮಧ್ಯಾಹ್ನದ ಬಸ್ಸಿಗೆ ಕೈವಾರಕ್ಕೆ ಹೊರಟಳು. ಸಂಜೆ ಹಿತ್ತಿಲಲ್ಲಿ ಎಂಜಲೆಲೆ ಬಳಿಯುತ್ತಿದ್ದ ವರಲಕ್ಷ್ಮಿಗೆ ನಾಯಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. "ಹಬ್ಬ ಅಂದ್ರೆ ನಿಂಗೂ ಹಬ್ಬ ಅಲ್ವೇನೋ" ಎಂದು ಬೆಂದ ಮೂಳೆಗಳನ್ನೆಲ್ಲ ಅದರ ತಟ್ಟೆಗೇ ಸುರಿದಳು, ಹಿಂದಿನ ದಿನದ ಒಬ್ಬಟ್ಟನ್ನೂ ಮುರಿದು ಹಾಕಿದಳು. ರಾಕೆಟ್ ಅವಳ ಮುಖ ನೋಡಿತು, ತಟ್ಟೆ ನೋಡಿತು. ತಟ್ಟೆಯನ್ನು ನಂಬಿತು.

ಮಾರನೆಯ ದಿನ ರಕ್ತ ಕಾರಿತು. ಚಿಕ್ಕಬಳ್ಳಾಪುರದ ಡಾಕ್ಟರು ಕರುಳಿನಿಂದ ಮೂಳೆಯ ಚೂರು ತೆಗೆದರು. ಆಸ್ಪತ್ರೆಯ ಬಾಗಿಲಲ್ಲಿ ವರಲಕ್ಷ್ಮಿಯ ಗಂಡ ಜಗನ್ ಅವಳ ಕಡೆ ತಿರುಗಿ, "ಯಾರು ಹಾಕಿದ್ದು?" ಎಂದು ಕೂಗಿದ. ಕೈವಾರದಿಂದ ನೇರ ಅಲ್ಲಿಗೇ ಬಂದಿದ್ದ ಮುನಿಗಂಗಮ್ಮ ಸೊಸೆಯ ಮುಖವನ್ನೊಮ್ಮೆ ನೋಡಿದಳು.

"ನಾನೇ ಕಣೋ. ಬಸ್ಸಿಗೆ ಹೊರಡೋ ಮುಂಚೆ ಹಾಕ್ಬಿಟ್ಟೆ."

"ಊರಿಗೆಲ್ಲ ಪಾಠ ಹೇಳ್ತೀಯಲ್ಲಮ್ಮಾ! ಬುದ್ಧಿ ನೆಟ್ಟಗೈತಾ ನಿಂಗೆ? ಇನ್ಮೇಲೆ ಆ ತಟ್ಟೆ ಮುಟ್ಟಬೇಡ ನೀನು!"

ಡಾಕ್ಟರು, ಕಾಂಪೌಂಡರು, ಎಮ್ಮೆ ತಂದಿದ್ದ ಹತ್ತು ಜನ ಎಲ್ಲರೂ ಕೇಳಿಸಿಕೊಂಡರು. ಮೇಲ್ವಿಚಾರಕಿಯ ಮುಂದೆ ನಿಂತಂತೆಯೇ ಅವಳು ತಲೆತಗ್ಗಿಸಿ ನಿಂತಿದ್ದಳು. ಮನೆಗೆ ಬಂದ ಮೇಲೆ ವರಲಕ್ಷ್ಮಿ ಮಾತಾಡಲು ಬಾಯಿ ತೆರೆದರೆ, ಅತ್ತೆ ಅವಳ ಕೈಗೆ ಸೌಟು ಕೊಟ್ಟಳು. "ಇವತ್ತಿಂದ ಕಲ್ತ್ಕೊ. ನಾನಿಲ್ದಾಗ ಕೆಲ್ಸಕ್ಕೆ ಬರ್ತದೆ." ಅದಾದ ಮೇಲೆ ಆ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

*

ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ಹೂಡಿದ ಒಲೆಯ ಮೇಲೆ ಹೆಣ ಮೀಯಿಸುವ ನೀರು ಕಾಯುತ್ತಿತ್ತು. ಹಂಡೆ ಇಳಿಸಿದರು. ಹೆಂಗಸರು ಸೀರೆ ಅಡ್ಡ ಹಿಡಿದು ಮುನಿಗಂಗಮ್ಮನಿಗೆ ಸ್ನಾನ ಮಾಡಿಸಿದರು. ಅತ್ತೆಯ ಕೈಗೆ ಅರಿಶಿನ ಹಚ್ಚುವಾಗ ಹೆಬ್ಬೆರಳಿಗಂಟಿದ ಕುಂಬಳಕಾಯಿಯ ನಾರೊಂದು ವರಲಕ್ಷ್ಮಿಗೆ ಕಂಡಿತು. ಅದನ್ನು ಬಿಡಿಸಿ ತೆಗೆದು ಎದ್ದಳು. ನೇರ ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಕೈಯಲ್ಲಿ ಸಣ್ಣ ಪಾತ್ರೆಯಿತ್ತು. ಅದರಲ್ಲಿ ರಾಗಿ, ಅತ್ತೆ ಹೆಚ್ಚಿಟ್ಟಿದ್ದ ಹೋಳುಗಳು, ನಾಲ್ಕು ಮೊಟ್ಟೆ. ಇನ್ನೂ ಉರಿಯುತ್ತಿದ್ದ ಮೂರು ಕಲ್ಲಿನ ಮೇಲೆ ಅದನ್ನಿಟ್ಟು ಮುಂದೆ ಕುಕ್ಕರಗಾಲಲ್ಲಿ ಕೂತಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ತಮಟೆಯವನ ಕೈ ಕೂಡ ನಿಂತಿತು.

"ಏಯ್! ಹೆಣದ ಒಲೆ ಕಣಮ್ಮ ಅದು!" ವೆಂಕಟರಾಮಪ್ಪ ಕುರ್ಚಿಯಿಂದ ಎದ್ದೇ ಬಂದ. "ಒಲೆ ಹಚ್ಚಬಾರ್ದು ಅಂತ ಹೇಳಲಿಲ್ವಾ?"

"ನಾನು ಹಚ್ಚಿಲ್ಲ ಮಾವ. ನೀವು ಹಚ್ಚಿದ್ದು. ಉರೀತಾ ಇತ್ತು, ಪಾತ್ರೆ ಇಟ್ಟೆ."

"ಅದೇ ಕೆಂಡಾನ ಜಗನ್ ಮಡಕೇಲಿ ತಗೊಂಡು ಹೋಗ್ಬೇಕು. ಆ ಬೆಂಕೀಲಿ ನಾಯಿಗೆ ಮೊಟ್ಟೆ ಬೇಯಿಸ್ತೀಯಾ? ನಿಮ್ಮತ್ತೆ ಆತ್ಮ ಏನನ್ಕೊಳ್ತದೆ?"

"ನೀರು ಕಮ್ಮಿ ಹಾಕಿದೀಯ ಅಂತ ಬೈತದೆ" ಎಂದಳು ವರಲಕ್ಷ್ಮಿ. ನಿಜಕ್ಕೂ ನೀರು ಕಡಿಮೆಯಿತ್ತು. ಒಂದು ಚೊಂಬು ಸುರಿದಳು.

"ಜಗನ್! ಎತ್ತಿ ಎಸಿಯೋ ಆ ಪಾತ್ರೇನ!"

ಜಗನ್ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಹೊಸ ಮಡಕೆ ಹಿಡಿದು ಬಂದು ನಿಂತಿದ್ದ. "ಸಾಕು ಬಿಡೇ, ಎಲ್ಲರೂ ನೋಡ್ತಾವ್ರೆ. ಸಂಜೆ ಹಾಕಿದ್ರಾಯ್ತು" ಎಂದ.

ವರಲಕ್ಷ್ಮಿ ತಲೆಯೆತ್ತಿದಳು. ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ಆ ವರ್ಷದೊಡಕಿಗೆ ಮೂಳೆ ಹಾಕಿದ್ದು ನಾನು. ಅತ್ತೆ ಅಲ್ಲ. ನಿಮ್ಮ ಕೈಲಿ ಹತ್ತು ಜನರ ಮುಂದೆ ಬೈಸ್ಕೊಂಡ್ರಲ್ಲ, ಅದು ನನ್ನ ಬೈಗಳ. ಬುದ್ಧಿ ನೆಟ್ಟಗಿಲ್ದೆ ಇದ್ದೋಳು ನಾನು. ಈಗ ಬೈಯೋದಿದ್ರೆ ಬೈರಿ. ಈ ಪಾತ್ರೆ ಮಾತ್ರ ಇಳಿಯಲ್ಲ."

ಜಗನ್ ಹೆಂಡತಿಯನ್ನು ನೋಡಿದ. ಅರಿಶಿನ ಹಚ್ಚಿದ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಡಕೆಯನ್ನು ನೆಲದ ಮೇಲಿಟ್ಟು ಒಲೆಯ ಮುಂದೆ ಕೂತ. ಹೊರಗೆ ಜಾರಿದ್ದ ಸೌದೆಯನ್ನು ಒಳಕ್ಕೆ ತಳ್ಳಿ, ಬಗ್ಗಿ ಊದಿದ.

"ರಾಹುಕಾಲ ಕಣೋ!" ಎಂದ ವೆಂಕಟರಾಮಪ್ಪ.

"ಇನ್ನೂ ಮುಕ್ಕಾಲು ಗಂಟೆ ಐತೆ ಚಿಕ್ಕಪ್ಪ. ಬೇಯಲಿ" ಎಂದು ಜಗನ್ ಹೊಗೆಗೆ ಕಣ್ಣೊರೆಸಿಕೊಂಡ. "ಹಂಗೇ ಆ ಡಾಬಾದೋನಿಗೆ ಬರಬೇಡ ಅಂತ ಫೋನ್ ಮಾಡ್ಬಿಡು."

ಕದಿರಮ್ಮ ಗೊಣಗುತ್ತಲೇ ರಸ್ತೆ ದಾಟಿ ಹೋದಳು. ವಾಪಸು ಬಂದಾಗ ಬಾಳೆ ಎಲೆಯ ತುಂಡಿನಿಂದ ಮುಚ್ಚಿದ ಬಟ್ಟಲನ್ನು ವರಲಕ್ಷ್ಮಿಯ ಪಕ್ಕ ಕುಕ್ಕಿದಳು. "ಮೊಸರು. ನಮ್ಮನೆ ಹಸೂದು. ಅದಕ್ಕಾದ್ರೂ ಉಪ್ಪಿಲ್ಲ ಬಿಡು."

ಮೊಟ್ಟೆ ಸುಲಿದು ಹಿಸುಕಿ, ಸೌಟಿನಲ್ಲಿ ಅಳೆದು, ಬಿಸಿ ಆರುವವರೆಗೂ ವರಲಕ್ಷ್ಮಿ ತಟ್ಟೆಗೆ ಬೀಸಣಿಗೆಯಲ್ಲಿ ಗಾಳಿ ಹಾಕಿದಳು. ಮುಂದಿಟ್ಟಾಗ ರಾಕೆಟ್ ತಿನ್ನಲಿಲ್ಲ. ಕೂತಲ್ಲಿಂದಲೇ ಚಪ್ಪರದ ಕಡೆ ನೋಡುತ್ತಿತ್ತು. ಇವತ್ತು ಅದಕ್ಕೊಂದು ಮಾತು ಬೇಕಿತ್ತು. ಅಂಗನವಾಡಿಯಲ್ಲಿ ಕೈಮುಗಿದು ಕೂತ ಮಕ್ಕಳಿಗೆ ಬಡಿಸಿ ಮುಗಿದ ಮೇಲೆ ಮುನಿಗಂಗಮ್ಮ ಹೇಳುತ್ತಿದ್ದ, ಆಮೇಲೆ ದಿನಾ ನಾಯಿಗೂ ಹೇಳುತ್ತಿದ್ದ ಮಾತು ಅದು.

"ಎಲ್ಲಾರ್ಗೂ ಬಂತು, ಉಣ್ಣಪ್ಪ" ಎಂದಳು ವರಲಕ್ಷ್ಮಿ.

ನಾಯಿ ತಲೆ ತಗ್ಗಿಸಿತು. ತಟ್ಟೆ ಹೊಳೆಯುವವರೆಗೂ ನೆಕ್ಕಿತು.

ಅವಳು ಕೈತೊಳೆದು ಬಂದು, ಎಲ್ಲರಂತೆ ಅತ್ತೆಯ ಬಾಯಿಗೆ ಮೂರು ಸಲ ಅಕ್ಕಿಕಾಳು ಹಾಕಿದಳು. ಜಗನ್ ಆ ಒಲೆಯ ಕೆಂಡವನ್ನೇ ಮಡಕೆಗೆ ತುಂಬಿಕೊಂಡ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹೆಣ ಎತ್ತಿದರು. ತಮಟೆ ಮೊಳಗಿತು. ಮಂಡಕ್ಕಿ ಪುರಿ, ಸೇವಂತಿಗೆ ಹೂವು ಎರಚುತ್ತ ಗಂಡಸರು ಕೆರೆಯ ಕಡೆಯ ತಮ್ಮ ಹೊಲದತ್ತ ನಡೆದರು. ರಾಕೆಟ್ ಸರಪಳಿ ಜಗ್ಗಿ ಮುಂಗಾಲೆತ್ತಿ ನಿಂತಿತು.

"ಬಿಟ್ಬಿಡಮ್ಮ, ಪಾಪ, ಹಿಂದೆ ಹೋಗ್ಲಿ" ಎಂದಳು ಕದಿರಮ್ಮ.

"ಒಂದು ಗಂಟೆ ಕದಿರಕ್ಕ. ಈಗ ತಿಂದೈತೆ."

ಹೆಂಗಸರು ಅಂಗಳ ತೊಳೆದರು. ಹೆಣವಿದ್ದ ಜಾಗದಲ್ಲಿ ದೀಪವಿಟ್ಟರು. ವರಲಕ್ಷ್ಮಿ ನುಗ್ಗೆಮರದ ಬುಡದಲ್ಲಿ ನಾಯಿಯ ಕೊರಳನ್ನು ತೋಳಿನಲ್ಲಿ ಬಳಸಿ ಕೂತೇ ಇದ್ದಳು. ಅದು ಕೊಸರಿತು, ಊಳಿಟ್ಟಿತು, ಕೊನೆಗೆ ಅವಳ ತೊಡೆಯ ಮೇಲೆ ಗದ್ದವಿಟ್ಟು ರಸ್ತೆಯನ್ನೇ ನೋಡತೊಡಗಿತು. ಕೆರೆಯಾಚೆ ಹೊಗೆ ಎದ್ದಿತು. ಪಡಸಾಲೆಯ ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಮುಗಿಸಿತು.

ಅವಳು ಸರಪಳಿ ಬಿಚ್ಚಿದಳು.

ರಾಕೆಟ್ ಒಂದೇ ನೆಗೆತಕ್ಕೆ ರಸ್ತೆಯಲ್ಲಿತ್ತು. ಊರಬಾಗಿಲಿನಿಂದ ಕೆರೆಕಟ್ಟೆಯವರೆಗೆ ದಾರಿಯುದ್ದಕ್ಕೂ ಪುರಿ ಬೆಳ್ಳಗೆ ಚೆಲ್ಲಿತ್ತು. ಬೀದಿನಾಯಿಗಳು, ಕಾಗೆಗಳು, ಎರಡು ಕೋಳಿ ಅದನ್ನು ಆರಿಸಿ ತಿನ್ನುತ್ತಿದ್ದವು. ಅದು ಬಂದ ರಭಸಕ್ಕೆ ಎಲ್ಲವೂ ಚದುರಿದವು. ಪುರಿಯ ನಟ್ಟನಡುವೆ, ಒಂದು ಕಾಳಿಗೂ ಮೂತಿ ತಗ್ಗಿಸದೆ, ಕಿವಿ ಹಿಂದಕ್ಕೆ ಮಲಗಿಸಿಕೊಂಡು ಅದು ಹೊಗೆಯ ಕಡೆಗೆ ಓಡುತ್ತಿತ್ತು.